ಬ್ಯಾಟರಿ ಚಾರ್ಜ್ ಆಗುವಾಗ ಎಲೆಕ್ಟ್ರಾನ್ ಕೊಡುವವರು ಯಾರು?

ಎಲೆಕ್ಟ್ರಿಕ್ ಸ್ಕೂಟರ್ ಕೊಳ್ಳಲು ಹೋದವರಿಗೆ ಈಗ ಹೊಸ ತಲೆನೋವು ಶುರುವಾಗಿದೆ. ಒಂದು ಶೋರೂಮಿನವರು ‘ನಮ್ಮದು ಎನ್‌ಎಂಸಿ ಬ್ಯಾಟರಿ, ರೇಂಜ್ ಜಾಸ್ತಿ’ ಅನ್ನುತ್ತಾರೆ. ಪಕ್ಕದವರು ‘ನಮ್ಮದು ಎಲ್‌ಎಫ್‌ಪಿ, ಸೇಫ್’ ಅನ್ನುತ್ತಾರೆ. 2022ರ ಬೇಸಿಗೆಯಲ್ಲಿ ದೇಶದ ಅಲ್ಲಲ್ಲಿ ಸ್ಕೂಟರುಗಳು ಹೊತ್ತಿ ಉರಿದ ವಿಡಿಯೋಗಳನ್ನು ಎಲ್ಲರೂ ನೋಡಿದ್ದೇವೆ. ಹಾಗಾಗಿ ‘ಸೇಫ್’ ಅನ್ನುವ ಮಾತಿಗೆ ತೂಕ ಬಂದಿದೆ. ಆದರೆ ಯಾಕೆ ಸೇಫ್ ಅಂತ ಕೇಳಿ ನೋಡಿ. ಹೆಚ್ಚಿನ ಕಡೆ ಉತ್ತರ ಅಲ್ಲಿಗೇ ನಿಲ್ಲುತ್ತದೆ.

ಎನ್‌ಎಂಸಿ ಅಂದರೆ ನಿಕಲ್, ಮ್ಯಾಂಗನೀಸ್, ಕೋಬಾಲ್ಟ್. ಲೀಥಿಯಮ್ ಜೊತೆ ಈ ಮೂರೂ ಲೋಹಗಳು ಸೇರಿದ ಆಕ್ಸೈಡ್ ಅದು. ಆಕ್ಸೈಡ್ ಅಂದರೆ ಆಮ್ಲಜನಕದ ಜೊತೆ ಕಟ್ಟಿಕೊಂಡ ಲೋಹ. ತುಕ್ಕು ಕೂಡ ಒಂದು ಆಕ್ಸೈಡೇ. ಬ್ಯಾಟರಿ ಚಾರ್ಜ್ ಮಾಡುವುದು ಅಂದರೆ ಈ ಆಕ್ಸೈಡಿನಿಂದ ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಹೊರಗೆಳೆಯುವುದು. ಅದನ್ನು ಕೊಡುವವರು ಯಾರು? ಲೋಹವೋ, ಆಮ್ಲಜನಕವೋ?

ಸಣ್ಣ ಪ್ರಶ್ನೆ ಅನ್ನಿಸಬಹುದು. ಬೆಂಕಿಯ ಪ್ರಶ್ನೆಗೆ ಉತ್ತರದ ದೊಡ್ಡ ಭಾಗ ಇದರಲ್ಲೇ ಇದೆ. ಭೌತವಿಜ್ಞಾನಿಗಳು ಇದನ್ನು ಹುಡುಕಲು ಹೊರಟದ್ದು ಮಾತ್ರ ಬ್ಯಾಟರಿಗಾಗಿ ಅಲ್ಲ. ಹಸಿರು ಬಣ್ಣದ ಒಂದು ಪುಡಿಗಾಗಿ.

ಹರಿಯಬೇಕಿತ್ತು, ಹರಿಯಲಿಲ್ಲ

ಆ ಪುಡಿಯ ಹೆಸರು ನಿಕಲ್ ಆಕ್ಸೈಡ್. ಒಂದು ನಿಕಲ್‌ಗೆ ಒಂದು ಆಮ್ಲಜನಕ, ಅಷ್ಟೇ. ಶುದ್ಧವಾಗಿದ್ದರೆ ತಿಳಿ ಹಸಿರು. ಕರೆಂಟ್ ಹರಿಸಲು ನೋಡಿ, ಹರಿಯುವುದಿಲ್ಲ. ಅದು ಒಳ್ಳೆಯ ಅವಾಹಕ. ವಿಚಿತ್ರ ಏನೆಂದರೆ, ಪುಸ್ತಕದ ಲೆಕ್ಕದ ಪ್ರಕಾರ ಅದು ಲೋಹದಂತೆ ಕರೆಂಟ್ ಹರಿಸಬೇಕಿತ್ತು.

ಆ ಲೆಕ್ಕ ಏನು ಅಂತ ನೋಡೋಣ. ಪರಮಾಣುವಿನಲ್ಲಿ ಎಲೆಕ್ಟ್ರಾನುಗಳು ಗ್ರಹಗಳ ಹಾಗೆ ಗೆರೆ ಹಿಡಿದು ಸುತ್ತುವುದಿಲ್ಲ. ಒಂದೊಂದು ಎಲೆಕ್ಟ್ರಾನೂ ಮೋಡದ ಹಾಗೆ ಹರಡಿಕೊಂಡಿರುತ್ತದೆ. ಆ ಮೋಡಕ್ಕೆ ಒಂದು ಆಕಾರ, ಒಂದು ದಿಕ್ಕು ಇರುತ್ತದೆ. ಇದನ್ನೇ ಕಕ್ಷಕ ಅನ್ನುತ್ತೇವೆ. ಎಸ್ ಕಕ್ಷಕ ಚೆಂಡಿನಂತೆ ಗುಂಡಗೆ. ಪಿ ಕಕ್ಷಕ ಎರಡು ಬಲೂನುಗಳನ್ನು ಬಾಯಿಗೆ ಬಾಯಿ ಕಟ್ಟಿದಂತೆ. ಡಿ ಕಕ್ಷಕಗಳು ಐದು. ಅವುಗಳಲ್ಲಿ ನಾಲ್ಕು, ನಾಲ್ಕು ಎಸಳಿನ ಹೂವಿನಂತಿವೆ. ಒಂದೊಂದು ಕಕ್ಷಕದಲ್ಲೂ ಹೆಚ್ಚೆಂದರೆ ಎರಡು ಎಲೆಕ್ಟ್ರಾನ್ ಇರಬಹುದು. ಅವೆರಡರ ‘ಸ್ಪಿನ್’ (ಎಲೆಕ್ಟ್ರಾನನ್ನು ಪುಟ್ಟ ಅಯಸ್ಕಾಂತದಂತೆ ಮಾಡುವ ಗುಣ) ಎದುರುಬದುರು ಇರಬೇಕು ಅನ್ನುವುದು ನಿಯಮ.

ನಿಕಲ್, ಕೋಬಾಲ್ಟ್, ಮ್ಯಾಂಗನೀಸ್, ಕಬ್ಬಿಣ, ತಾಮ್ರ ಇವೆಲ್ಲ ಸಂಕ್ರಮಣ ಲೋಹಗಳು. ಇವುಗಳ ರಸಾಯನವೆಲ್ಲ ನಡೆಯುವುದು ಈ ಡಿ ಕಕ್ಷಕಗಳಲ್ಲಿ. ನಿಕಲ್ ಆಕ್ಸೈಡಿನಲ್ಲಿ ಪ್ರತಿ ನಿಕಲ್ ತನ್ನ ಎರಡು ಎಲೆಕ್ಟ್ರಾನುಗಳನ್ನು ಆಮ್ಲಜನಕಕ್ಕೆ ಕೊಟ್ಟಿರುತ್ತದೆ. ಡಿ ಕಕ್ಷಕಗಳಲ್ಲಿ 8 ಉಳಿಯುತ್ತವೆ. ಅದರ ಸುತ್ತ ಆರು ಆಮ್ಲಜನಕಗಳು: ಮೇಲೊಂದು, ಕೆಳಗೊಂದು, ನಾಲ್ಕು ದಿಕ್ಕಿಗೆ ನಾಲ್ಕು. ಐದು ಡಿ ಕಕ್ಷಕಗಳಲ್ಲಿ ಎರಡು ಈ ಆಮ್ಲಜನಕಗಳ ಕಡೆಗೇ ನೇರವಾಗಿ ಮುಖ ಮಾಡಿವೆ. ಉಳಿದ ಮೂರು, ಆಮ್ಲಜನಕಗಳ ನಡುವಿನ ಸಂದಿಯಲ್ಲಿ ತಲೆ ತೂರಿಸಿವೆ. ಸಂದಿಯ ಮೂರರಲ್ಲಿ ಒತ್ತಡ ಕಡಿಮೆ. ಅವು ಮೊದಲು ತುಂಬುತ್ತವೆ, 6 ಎಲೆಕ್ಟ್ರಾನ್ ಅಲ್ಲಿಗಾಯಿತು. ಮಿಕ್ಕ 2, ಆಮ್ಲಜನಕದ ಕಡೆ ನೋಡುವ ಎರಡು ಕಕ್ಷಕಗಳಲ್ಲಿ ತಲಾ ಒಂದರಂತೆ ಕೂರುತ್ತವೆ.

ಅಂದರೆ ಹರಳಿನ ಉದ್ದಗಲಕ್ಕೂ ಅರ್ಧ ತುಂಬಿದ, ಅರ್ಧ ಖಾಲಿ ಇರುವ ಕಕ್ಷಕಗಳ ಸಾಲು. ಖಾಲಿ ಜಾಗ ಇದ್ದ ಮೇಲೆ ಎಲೆಕ್ಟ್ರಾನ್ ಒಂದರಿಂದ ಇನ್ನೊಂದಕ್ಕೆ ಹಾಯಾಗಿ ಓಡಾಡಬೇಕು ತಾನೇ? ತಾಮ್ರದ ತಂತಿಯಲ್ಲಿ ಆಗುವುದು ಅದೇ. ಇಲ್ಲಿ ಆಗುವುದಿಲ್ಲ. 1937ರಲ್ಲಿ ಡಿ ಬೂರ್ ಮತ್ತು ಫೆರ್ವೇ ಎಂಬ ಇಬ್ಬರು ಡಚ್ ವಿಜ್ಞಾನಿಗಳು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ನಡೆದ ಸಭೆಯಲ್ಲಿ ಈ ಎಡವಟ್ಟನ್ನು ಎಲ್ಲರ ಮುಂದಿಟ್ಟರು. ಆಗಿನ ಸಿದ್ಧಾಂತದ ಹತ್ತಿರ ಇದಕ್ಕೆ ಉತ್ತರ ಇರಲಿಲ್ಲ.

ಪಿಜಿ ಲೆಕ್ಕ

ಉತ್ತರದ ಮೊದಲ ಎಳೆ ಸಿಕ್ಕಿದ್ದು ರುಡಾಲ್ಫ್ ಪಿಯರ್ಲ್ಸ್ ಮತ್ತು ನೆವಿಲ್ ಮಾಟ್ ಅವರಿಗೆ. ಮಾಟ್ ಅದನ್ನು ವರ್ಷಗಟ್ಟಲೆ ಬೆಳೆಸಿದರು. ಹಾಗಾಗಿ ಇಂಥ ವಸ್ತುಗಳಿಗೆ ‘ಮಾಟ್ ಅವಾಹಕ’ ಅನ್ನುವ ಹೆಸರೇ ಉಳಿಯಿತು.

ಅವರ ಮಾತನ್ನು ಬೆಂಗಳೂರಿನ ಪಿಜಿಯ ಲೆಕ್ಕದಲ್ಲಿ ಹೇಳುತ್ತೇನೆ. ಒಂದು ಪಿಜಿ ಇದೆ ಅಂದುಕೊಳ್ಳಿ. ಪ್ರತಿ ರೂಮಿನಲ್ಲೂ ಎರಡು ಮಂಚ. ಆದರೆ ಮಾಲೀಕರ ಬಾಡಿಗೆ ಪದ್ಧತಿ ವಿಚಿತ್ರ. ರೂಮಿಗೆ ಒಬ್ಬರೇ ಬಂದರೆ 6,000 ರೂಪಾಯಿ. ಅದೇ ರೂಮಿಗೆ ಎರಡನೆಯವರು ಬಂದರೆ ಅವರಿಗೆ 60,000! ಈಗ ಎಲ್ಲ ರೂಮಿನಲ್ಲೂ ಒಬ್ಬೊಬ್ಬರು ಸೇರಿಕೊಂಡಿದ್ದಾರೆ. ಲೆಕ್ಕಕ್ಕೆ ನೋಡಿದರೆ ಅರ್ಧಕ್ಕರ್ಧ ಮಂಚ ಖಾಲಿ. ಆದರೆ ಯಾರೂ ರೂಮು ಬದಲಾಯಿಸುವ ಹಾಗಿಲ್ಲ. ಯಾವ ರೂಮಿಗೆ ಹೋದರೂ ಅಲ್ಲಿ ಎರಡನೆಯವರಾಗಬೇಕು, 60,000 ಕಟ್ಟಬೇಕು. ಇಡೀ ಪಿಜಿ ಅಲ್ಲಾಡದೆ ಕೂತಿದೆ.

ಆ ಹೆಚ್ಚುವರಿ ಬಾಡಿಗೆಯೇ ಎಲೆಕ್ಟ್ರಾನುಗಳ ನಡುವಿನ ವಿಕರ್ಷಣೆ. ಎರಡಕ್ಕೂ ಋಣ ವಿದ್ಯುತ್, ಹಾಗಾಗಿ ಒಂದನ್ನೊಂದು ತಳ್ಳುತ್ತವೆ. ಡಿ ಕಕ್ಷಕ ಚಿಕ್ಕದು, ಇಕ್ಕಟ್ಟು. ಅದರೊಳಗೆ ಎರಡನ್ನು ತುರುಕಲು ತುಂಬಾ ಶಕ್ತಿ ಬೇಕು. ತಾಮ್ರದ ತಂತಿಯಲ್ಲಿ ಓಡಾಡುವ ಎಲೆಕ್ಟ್ರಾನುಗಳದ್ದು ವಿಶಾಲವಾದ ಎಸ್ ಕಕ್ಷಕ. ಅಲ್ಲಿ ಈ ಜಗಳ ಅಷ್ಟಾಗಿ ಇಲ್ಲ.

ನಿಕಲ್ ಆಕ್ಸೈಡಿನಲ್ಲಿ ಕರೆಂಟ್ ಹರಿಯಲು ಎಲೆಕ್ಟ್ರಾನ್ ದಾಟಬೇಕಾದ ತಡೆ, ಎಲೆಕ್ಟ್ರಾನಿನ ಶಕ್ತಿ ಅಳೆಯುವ ಮಾನದಲ್ಲಿ, ಸುಮಾರು 4 ಎಲೆಕ್ಟ್ರಾನ್‌ವೋಲ್ಟ್. ಕೋಣೆಯ ಬಿಸಿಯಿಂದ ಅದಕ್ಕೆ ಸಿಗುವ ಶಕ್ತಿ ಸುಮಾರು 0.025. ನೂರೈವತ್ತು ಪಟ್ಟಿಗಿಂತ ಜಾಸ್ತಿ ಅಂತರ. ಸುಮ್ನೆ ಕಾಯಿಸಿದರೆ ಸಾಲದು, ಬೇರೆ ಉಪಾಯ ಬೇಕು.

ಚಿಟಿಕೆ ಲೀಥಿಯಮ್

ಆ ಉಪಾಯವೇ ಡೋಪಿಂಗ್. ಕ್ರೀಡಾಪಟುಗಳ ಡೋಪಿಂಗ್ ಅಲ್ಲ. ಬೇಕೆಂದೇ, ಅಳತೆ ಮಾಡಿ ಬೇರೆ ಪರಮಾಣು ಬೆರೆಸುವುದು. ಕನ್ನಡದಲ್ಲಿ ಬೆರಕೆ ಅನ್ನಬಹುದು. ಆದರೆ ಆ ಪದ ಕೇಳಿದ ಕೂಡಲೇ ಹಾಲಿಗೆ ನೀರು ನೆನಪಾಗುತ್ತದೆ ಅಲ್ವಾ? ಹಾಗಾಗಿ ಡೋಪಿಂಗ್ ಅಂತಲೇ ಇಟ್ಟುಕೊಳ್ಳೋಣ.

ನಿಕಲ್ ಆಕ್ಸೈಡಿಗೆ ಸ್ವಲ್ಪ ಲೀಥಿಯಮ್ ಸೇರಿಸಿ ಸುಟ್ಟರೆ ಲೀಥಿಯಮ್ ಹೋಗಿ ನಿಕಲ್‌ನ ಜಾಗದಲ್ಲಿ ಕೂರುತ್ತದೆ. ಎರಡರ ಗಾತ್ರ ಹೆಚ್ಚುಕಡಿಮೆ ಒಂದೇ, ಹಾಗಾಗಿ ತಕರಾರಿಲ್ಲ. ವ್ಯತ್ಯಾಸ ಇರುವುದು ಕೊಡುಗೈಯಲ್ಲಿ. ನಿಕಲ್ ಎರಡು ಎಲೆಕ್ಟ್ರಾನ್ ಕೊಡುತ್ತಿತ್ತು. ಲೀಥಿಯಮ್ ಹತ್ತಿರ ಕೊಡಲು ಇರುವುದು ಒಂದೇ. ಲೆಕ್ಕದಲ್ಲಿ ಒಂದು ಎಲೆಕ್ಟ್ರಾನ್ ಕೊರತೆ ಬಿತ್ತು. ಈ ಕೊರತೆಯ ಜಾಗಕ್ಕೆ ಭೌತವಿಜ್ಞಾನದಲ್ಲಿ ‘ಹೋಲ್’ ಅನ್ನುತ್ತಾರೆ. ಎಲೆಕ್ಟ್ರಾನ್ ಇರಬೇಕಾದ ಕಡೆ ಇಲ್ಲದಿರುವುದು, ಅಷ್ಟೇ ಅದರ ಅರ್ಥ.

ಹಸಿರು ಪುಡಿ ಕಪ್ಪಾಗುತ್ತದೆ. ಕರೆಂಟ್ ಹರಿಯಲು ಶುರುವಾಗುತ್ತದೆ. ತಂತಿಯಲ್ಲಿ ಹರಿದ ಹಾಗಲ್ಲ, ಕುಪ್ಪಳಿಸುತ್ತಾ ಕುಪ್ಪಳಿಸುತ್ತಾ. ಆದರೂ ಮೊದಲಿಗೆ ಹೋಲಿಸಿದರೆ ಅಜಗಜಾಂತರ.

‘ಇದರಲ್ಲೇನಿದೆ, ಸಿಲಿಕಾನ್ ಚಿಪ್ಪಿನಲ್ಲೂ ಹೀಗೇ ಮಾಡುತ್ತಾರಲ್ಲ’ ಅಂತ ಪಿಯುಸಿಯಲ್ಲಿ ವಿಜ್ಞಾನ ಓದಿದವರು ಕೇಳಬಹುದು. ಹೊರಗಿನಿಂದ ನೋಡಿದರೆ ಹೌದು. ಸಿಲಿಕಾನಿಗೆ ಬೋರಾನ್ ಬೆರೆಸಿದರೂ ಹೋಲ್ ಹುಟ್ಟುತ್ತದೆ. ಆದರೆ ಒಳಗೆ ನಡೆಯುವುದು ಬೇರೆ.

ಸಿಲಿಕಾನ್‌ನಲ್ಲಿ ಎಲೆಕ್ಟ್ರಾನ್ ಇರಬಹುದಾದ ಮಟ್ಟಗಳು ಕಲ್ಲಿನ ಮೆಟ್ಟಿಲುಗಳ ಹಾಗೆ. ಒಬ್ಬರು ಇಳಿದು ಹೋದರೆ ಆ ಮೆಟ್ಟಿಲು ಖಾಲಿಯಾಗುತ್ತದೆ, ಮೆಟ್ಟಿಲುಗಳು ಇದ್ದಲ್ಲೇ ಇರುತ್ತವೆ. ನಮ್ಮ ಪಿಜಿಯಲ್ಲಿ ಹಾಗಲ್ಲ. ಒಂದು ರೂಮಿನವರು ಖಾಲಿ ಮಾಡಿಕೊಂಡು ಊರಿಗೆ ಹೋದರು ಅನ್ನಿ. ಈಗ ಆ ರೂಮಿನ ಎರಡು ಮಂಚಗಳಲ್ಲಿ ಯಾವುದಕ್ಕೆ ಬೇಕಾದರೂ 6,000ಕ್ಕೆ ಬರಬಹುದು. ನಿನ್ನೆಯವರೆಗೆ ಅಲ್ಲಿದ್ದದ್ದು 60,000ದ ಒಂದು ಖಾಲಿ ಮಂಚ. ಹೋದದ್ದು ಒಬ್ಬರು. ಆದರೆ ದುಬಾರಿ ಮಂಚ ಒಂದು ಮಾಯವಾಗಿ, ಅಗ್ಗದ ಮಂಚ ಎರಡು ಹುಟ್ಟಿದವು!

ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟವಾಗುವ ಜಾಗ ಇದು. ಈ ಆಕ್ಸೈಡುಗಳಲ್ಲಿ ಡೋಪಿಂಗ್ ಅಂದರೆ ಇದ್ದ ಮನೆಯಿಂದ ಒಬ್ಬರನ್ನು ಕಳಿಸುವುದಲ್ಲ. ಒಬ್ಬರು ಹೋದ ಕೂಡಲೇ ಮನೆಯ ನಕ್ಷೆಯೇ ಬದಲಾಗುತ್ತದೆ. ಎಲೆಕ್ಟ್ರಾನುಗಳಿಗೆ ಸಿಗುವ ಶಕ್ತಿಮಟ್ಟಗಳು ಒಂದು ಕಡೆಯಿಂದ ಕಿತ್ತು ಇನ್ನೊಂದು ಕಡೆ ಬಂದು ಕೂರುತ್ತವೆ. ಪುಡಿಯ ಬಣ್ಣ ಬದಲಾಗುವುದರ ಹಿಂದೆಯೂ ಇಂಥದ್ದೇ ಕಾರಣ. ಬೆಳಕನ್ನು ಹೀರಲು ಹಿಂದೆ ಇಲ್ಲದಿದ್ದ ಹೊಸ ಮಟ್ಟಗಳು ಈಗ ಇವೆ.

ಪ್ರಮಾಣದಲ್ಲೂ ವ್ಯತ್ಯಾಸ ಇದೆ. ಚಿಪ್ಪುಗಳಲ್ಲಿ ಎಷ್ಟೋ ಸಲ ಹತ್ತು ಲಕ್ಷ ಸಿಲಿಕಾನ್ ಪರಮಾಣುಗಳಿಗೆ ಒಂದು ಬೆರಕೆ ಪರಮಾಣು ಇದ್ದರೂ ಸಾಕು. ಆಕ್ಸೈಡುಗಳಲ್ಲಿ ನೂರಕ್ಕೆ ಎರಡು, ಐದು, ಹದಿನೈದು, ಕೆಲವು ಸಲ ಮೂವತ್ತರವರೆಗೂ ಹಾಕುತ್ತಾರೆ. ಚಿಟಿಕೆ ಅಂದೆನಲ್ಲ, ನಿಜಕ್ಕೂ ಅದು ಹಿಡಿಯಷ್ಟು.

ಕಳ್ಳ ಸಿಕ್ಕಿದ್ದು ಬೇರೆ ಮನೆಯಲ್ಲಿ

ಇಲ್ಲಿಯವರೆಗೆ ಒಂದು ವಿಷಯವನ್ನು ಕೇಳದೆಯೇ ಒಪ್ಪಿಕೊಂಡು ಬಂದಿದ್ದೇವೆ. ಕೊರತೆ ಬಿದ್ದ ಎಲೆಕ್ಟ್ರಾನ್ ನಿಕಲ್‌ನ ಡಿ ಕಕ್ಷಕದಿಂದಲೇ ಹೋಗಿರಬೇಕು ಅಂತ. ದಶಕಗಳ ಕಾಲ ವಿಜ್ಞಾನಿಗಳೂ ಹಾಗೇ ಬರೆಯುತ್ತಿದ್ದರು. ಎರಡು ಕೊಟ್ಟಿದ್ದ ನಿಕಲ್ ಈಗ ಮೂರು ಕೊಟ್ಟಿದೆ, ಲೆಕ್ಕ ಸರಿಹೋಯಿತು.

ಆದರೆ ಪಿಜಿಯಲ್ಲಿ ಬಾಡಿಗೆಯವರು ಮಾತ್ರ ಇಲ್ಲವಲ್ಲ. ಕೆಳಗಿನ ಮಹಡಿಯಲ್ಲಿ ಮಾಲೀಕರ ಕುಟುಂಬ ಇದೆ. ಅದು ಆಮ್ಲಜನಕ. ಅದರ ಪಿ ಕಕ್ಷಕಗಳೆಲ್ಲ ಭರ್ತಿ. ಭರ್ತಿ ಇರುವ ಮನೆಯ ಸುದ್ದಿ ನಮಗೇಕೆ ಅಂತ ಎಲ್ಲರೂ ಬಿಟ್ಟಿದ್ದರು.

1985ರಲ್ಲಿ ಯಾನ್ ಜಾನೆನ್, ಜಾರ್ಜ್ ಸವಾಟ್ಸ್ಕಿ ಮತ್ತು ಜಿಮ್ ಆ್ಯಲನ್ ಎರಡು ಖರ್ಚುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಒಂದು ನಿಕಲ್‌ನ ಎಲೆಕ್ಟ್ರಾನನ್ನು ಇನ್ನೊಂದು ನಿಕಲ್‌ಗೆ ಕಳಿಸುವ ಖರ್ಚು ಮೊದಲನೆಯದು. ಆಮ್ಲಜನಕದ ಎಲೆಕ್ಟ್ರಾನನ್ನು ಪಕ್ಕದ ನಿಕಲ್‌ಗೆ ಕಳಿಸುವ ಖರ್ಚು ಎರಡನೆಯದು. ಯಾವುದು ಅಗ್ಗವೋ ಅದೇ ಆ ವಸ್ತುವಿನ ಸ್ವಭಾವವನ್ನು ತೀರ್ಮಾನಿಸುತ್ತದೆ. ಸಂಕ್ರಮಣ ಲೋಹಗಳ ಸಾಲಿನಲ್ಲಿ ಎಡಗಡೆ ಇರುವ ಟೈಟಾನಿಯಮ್, ವೆನೇಡಿಯಮ್‌ಗಳಲ್ಲಿ ಮೊದಲನೆಯದು ಅಗ್ಗ. ಅವೇ ಅಸಲಿ ಮಾಟ್ ಅವಾಹಕಗಳು. ಬಲಗಡೆ ಹೋದಂತೆ, ನಿಕಲ್ ಮತ್ತು ತಾಮ್ರದ ಹೊತ್ತಿಗೆ, ಎರಡನೆಯದು ಅಗ್ಗವಾಗುತ್ತದೆ. ಅಲ್ಲಿ ಲೋಹದ ಡಿ ಮಟ್ಟಗಳು ಕೆಳಕ್ಕೆ ಜಾರಿರುತ್ತವೆ. ಆಮ್ಲಜನಕದ ಎಲೆಕ್ಟ್ರಾನುಗಳೇ ಮೇಲ್ತುದಿಯಲ್ಲಿ, ಕೈಗೆ ಸಿಗುವ ಹಾಗೆ ಇರುತ್ತವೆ.

ಹಾಗಿದ್ದರೆ ಲೀಥಿಯಮ್ ಬೆರೆಸಿದಾಗ ಹೋಲ್ ಹುಟ್ಟಬೇಕಾದದ್ದು ಆಮ್ಲಜನಕದಲ್ಲಿ. ಇದನ್ನು ಪರೀಕ್ಷಿಸುವುದು ಹೇಗೆ?

ಎಕ್ಸ್-ರೇಯಿಂದ. ಆಮ್ಲಜನಕದ ತೀರಾ ಒಳಗಿನ ಎಲೆಕ್ಟ್ರಾನನ್ನು ಮೇಲಕ್ಕೆ ಎತ್ತಲು ಸುಮಾರು 530 ಎಲೆಕ್ಟ್ರಾನ್‌ವೋಲ್ಟ್ ಬೇಕು. ನಿಕಲ್‌ನ ಒಳಗಿನ ಒಂದು ಪದರದ ಎಲೆಕ್ಟ್ರಾನಿಗೆ ಸುಮಾರು 850. ಪ್ರತಿ ಧಾತುವಿಗೂ ಹೀಗೆ ಅದರದೇ ನಂಬರ್, ಮೊಬೈಲ್ ನಂಬರಿನ ಹಾಗೆ. 530ರ ಸುಮಾರಿಗೆ ಕರೆ ಮಾಡಿದರೆ ಎತ್ತುವುದು ಆಮ್ಲಜನಕ ಮಾತ್ರ. ಒಳಗಿನ ಎಲೆಕ್ಟ್ರಾನ್ ಮೇಲೆ ಹಾರಬೇಕಾದರೆ ಮೇಲೆ ಖಾಲಿ ಜಾಗ ಇರಬೇಕು. ಆಮ್ಲಜನಕದ ಪಿ ಕಕ್ಷಕ ಪೂರ್ತಿ ತುಂಬಿದ್ದರೆ ಅಲ್ಲಿಗೆ ಹಾರಲಾಗದು. ಒಂದು ಹೋಲ್ ಬಿದ್ದಿದ್ದರೆ ಹಾರುತ್ತದೆ, ಎಕ್ಸ್-ರೇ ಹೀರಿಕೆಯಲ್ಲಿ ಹೊಸದೊಂದು ಶಿಖರ ಕಾಣುತ್ತದೆ.

1989ರಲ್ಲಿ ಪೀಟರ್ ಕೈಪರ್, ಸವಾಟ್ಸ್ಕಿ ಮತ್ತು ಸಂಗಡಿಗರು ಲೀಥಿಯಮ್ ಬೆರೆಸಿದ ನಿಕಲ್ ಆಕ್ಸೈಡಿನ ಮೇಲೆ ಈ ಪ್ರಯೋಗ ಮಾಡಿದರು. ಲೀಥಿಯಮ್ ಹೆಚ್ಚಿಸಿದಂತೆ ಆಮ್ಲಜನಕದ ಕಡೆ ಹೊಸ ಶಿಖರ ಎದ್ದು ನಿಂತಿತು. ನಿಕಲ್ ಹೆಚ್ಚುಕಡಿಮೆ ಮೊದಲಿನಂತೆಯೇ ಇತ್ತು. ಎಲೆಕ್ಟ್ರಾನ್ ಕೊಟ್ಟದ್ದು ಮುಖ್ಯವಾಗಿ ಆಮ್ಲಜನಕ.

ಇಲ್ಲಿ ಒಂದು ಎಚ್ಚರಿಕೆ. ‘ಇದು ಲೋಹದ್ದು, ಇದು ಆಮ್ಲಜನಕದ್ದು’ ಅಂತ ಗೆರೆ ಎಳೆದು ಹಂಚುವುದು ನಮ್ಮ ಅನುಕೂಲಕ್ಕೆ. ಆಮ್ಲಜನಕದ ಕಡೆ ಮುಖ ಮಾಡಿರುವ ಡಿ ಕಕ್ಷಕಗಳು ಆಮ್ಲಜನಕದ ಪಿ ಕಕ್ಷಕದೊಳಗೆ ಬೆರೆತುಹೋಗಿರುತ್ತವೆ. ಗಂಡ-ಹೆಂಡತಿಯ ಜಂಟಿ ಖಾತೆ ಇದ್ದ ಹಾಗೆ. ಖಾತೆಯಿಂದ ಹಣ ಹೋದಾಗ ಯಾರ ದುಡ್ಡು ಹೋಯಿತು ಅಂತ ಹೇಳುವುದು ಕಷ್ಟ. ಆದರೂ ಯಾರ ಸಂಬಳ ಎಷ್ಟು ಭಾಗ ಅಂತ ಹೇಳಬಹುದಲ್ಲ, ಎಕ್ಸ್-ರೇ ಹೇಳುವುದು ಅದನ್ನು. ಡೋಪಿಂಗ್ ಹೆಚ್ಚಿದಂತೆ ಈ ಬೆರೆಯುವಿಕೆಯ ಪಾಲೂ ಬದಲಾಗುತ್ತಾ ಹೋಗುತ್ತದೆ.

ಹಗ್ಗದ ಮಂಚದ ಮೇಲೆ ಕೂತ ಎಲೆಕ್ಟ್ರಾನ್

ಕಕ್ಷಕದ ಶಕ್ತಿ ಮತ್ತು ಪಾಲು ಬದಲಾಗುವುದು ಒಂದು ರೀತಿ. ಕೆಲವು ಆಕ್ಸೈಡುಗಳಲ್ಲಿ ಕಕ್ಷಕಗಳು ನಿಂತ ದಿಕ್ಕೇ ಬದಲಾಗುತ್ತದೆ. ಲ್ಯಾಂಥನಮ್, ಮ್ಯಾಂಗನೀಸ್ ಸೇರಿದ ಮ್ಯಾಂಗನೈಟ್ ಇದಕ್ಕೆ ಚೆನ್ನಾದ ಉದಾಹರಣೆ.

ಇದರಲ್ಲಿ ಮ್ಯಾಂಗನೀಸ್‌ಗೆ 4 ಡಿ ಎಲೆಕ್ಟ್ರಾನ್. ಮೂರು ಸಂದಿಯ ಕಕ್ಷಕಗಳಲ್ಲಿ ತಲಾ ಒಂದು. ಇಲ್ಲಿ ಅವುಗಳಲ್ಲಿ ಎರಡನೆಯವರಾಗುವುದೇ ದುಬಾರಿ, ಹಾಗಾಗಿ ನಾಲ್ಕನೆಯದು ಆಮ್ಲಜನಕದ ಕಡೆ ನೋಡುವ ಎರಡು ಕಕ್ಷಕಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಎರಡೂ ಒಂದೇ ಮಟ್ಟದವು. ಯಾವುದು? ಹಗ್ಗದ ಮಂಚದ ಮೇಲೆ ಕೂತರೆ ಕೂತ ಕಡೆ ಹಗ್ಗ ಜಗ್ಗುತ್ತದೆ ಅಲ್ವಾ? ಇಲ್ಲೂ ಹಾಗೇ. ಎಲೆಕ್ಟ್ರಾನ್ ಒಂದು ಕಕ್ಷಕದಲ್ಲಿ ಕೂತ ಕೂಡಲೇ ಸುತ್ತಲಿನ ಆರು ಆಮ್ಲಜನಕಗಳ ಪಂಜರ ಆ ದಿಕ್ಕಿಗೆ ಉದ್ದವಾಗುತ್ತದೆ. ಉದ್ದವಾದ ಮೇಲೆ ಆ ಕಕ್ಷಕದ ಮಟ್ಟ ಇಳಿದು ಕೂತಲ್ಲೇ ಹಾಯೆನಿಸುತ್ತದೆ. ಎಲೆಕ್ಟ್ರಾನ್ ತಾನೇ ತೋಡಿಕೊಂಡ ಗುಂಡಿಯಲ್ಲಿ ಸಿಕ್ಕಿಬೀಳುತ್ತದೆ. ಹರ್ಮನ್ ಯಾನ್ ಮತ್ತು ಎಡ್ವರ್ಡ್ ಟೆಲ್ಲರ್ 1937ರಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದ್ದರು.

ಪಕ್ಕದ ಮ್ಯಾಂಗನೀಸ್‌ನ ಕಕ್ಷಕ ಅಡ್ಡ ದಿಕ್ಕಿಗೆ ಉದ್ದ, ಅದರ ಪಕ್ಕದ್ದು ಮತ್ತೆ ಈ ದಿಕ್ಕಿಗೆ. ಚಾಪೆ ಹೆಣೆದ ಹಾಗೆ ಒಂದು ಅಡ್ಡ, ಒಂದು ಉದ್ದ. ಇಡೀ ಹರಳು ಈ ಹೆಣಿಗೆಯಲ್ಲಿ ಬಿಗಿದುಕೊಂಡು ಅವಾಹಕವಾಗಿರುತ್ತದೆ.

ಈಗ ಲ್ಯಾಂಥನಮ್‌ನ ಮೂರನೇ ಒಂದು ಭಾಗದಷ್ಟು ತೆಗೆದು ಅಲ್ಲಿ ಕ್ಯಾಲ್ಸಿಯಮ್ ಅಥವಾ ಸ್ಟ್ರಾನ್ಷಿಯಮ್ ಇಡಿ. ಲ್ಯಾಂಥನಮ್ ಮೂರು ಎಲೆಕ್ಟ್ರಾನ್ ಕೊಡುವಂಥದ್ದು, ಇವು ಕೊಡುವುದು ಎರಡು. ಅಷ್ಟು ಮ್ಯಾಂಗನೀಸ್‌ಗಳಲ್ಲಿ ನಾಲ್ಕನೇ ಎಲೆಕ್ಟ್ರಾನ್ ಇಲ್ಲವಾಗುತ್ತದೆ. ಅಲ್ಲಿ ಪಂಜರ ಜಗ್ಗಬೇಕಿಲ್ಲ. ಚಾಪೆಯ ಹೆಣಿಗೆ ಸಡಿಲವಾಗುತ್ತದೆ. ಉಳಿದ ಎಲೆಕ್ಟ್ರಾನುಗಳಿಗೆ ಓಡಾಡಲು ಜಾಗ ಸಿಗುತ್ತದೆ. ಸಾಕಷ್ಟು ತಣ್ಣಗಿದ್ದಾಗ ಆ ವಸ್ತು ಲೋಹವೂ ಹೌದು, ಅಯಸ್ಕಾಂತವೂ ಹೌದು ಅನ್ನುವಂತಾಗುತ್ತದೆ. ಅಕ್ಕಪಕ್ಕದ ಮ್ಯಾಂಗನೀಸ್‌ಗಳ ಸ್ಪಿನ್ ಒಂದೇ ದಿಕ್ಕಿಗಿದ್ದರೆ ಎಲೆಕ್ಟ್ರಾನ್ ಸುಲಭವಾಗಿ ದಾಟುತ್ತದೆ, ಹಾಗಾಗಿ ಎಲ್ಲ ಸ್ಪಿನ್‌ಗಳೂ ಒಂದೇ ದಿಕ್ಕಿಗೆ ತಿರುಗುತ್ತವೆ. 1951ರಲ್ಲಿ ಕ್ಲಾರೆನ್ಸ್ ಝೀನರ್ ಕೊಟ್ಟ ವಿವರಣೆ ಇದು. 1994ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ತಂಡ ಇಂಥ ತೆಳು ಪದರಕ್ಕೆ ಬಲವಾದ ಅಯಸ್ಕಾಂತ ಹಿಡಿದಾಗ ಅದರ ವಿದ್ಯುತ್ ರೋಧ ಸಾವಿರ ಪಟ್ಟಿಗೂ ಮೀರಿ ಬದಲಾಯಿತು.

ಆಮೇಲಿನ ವರ್ಷಗಳಲ್ಲಿ ಈ ಕೆಲಸದ ಒಂದು ದೊಡ್ಡ ಕೇಂದ್ರ ನಮ್ಮ ಬೆಂಗಳೂರು. ಸಿ.ಎನ್.ಆರ್. ರಾವ್ ಮತ್ತು ಅವರ ಸಂಗಡಿಗರು ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಈ ಮ್ಯಾಂಗನೈಟುಗಳನ್ನು ತಯಾರಿಸಿ, ಯಾವ ಪ್ರಮಾಣದ ಬೆರಕೆಗೆ ಎಲೆಕ್ಟ್ರಾನುಗಳು ಹೇಗೆ ಸಾಲುಗಟ್ಟುತ್ತವೆ ಅಂತ ಅಧ್ಯಯನ ಮಾಡಿದರು. ಟಿ.ವಿ. ರಾಮಕೃಷ್ಣನ್, ಎಚ್.ಆರ್. ಕೃಷ್ಣಮೂರ್ತಿ ಮತ್ತು ಸಂಗಡಿಗರು 2004ರಲ್ಲಿ ಇದಕ್ಕೊಂದು ಸಿದ್ಧಾಂತ ಕೊಟ್ಟರು. ಸಿಕ್ಕಿಬಿದ್ದ ಎಲೆಕ್ಟ್ರಾನ್ ಮತ್ತು ಓಡಾಡುವ ಎಲೆಕ್ಟ್ರಾನ್, ಎರಡೂ ಒಟ್ಟಿಗೇ ಇರುತ್ತವೆ ಅನ್ನುವುದು ಅದರ ತಿರುಳು.

ತಾಮ್ರದ ಆಕ್ಸೈಡಿನ ಸುದ್ದಿ, ಚಿಕ್ಕದಾಗಿ

ಇದನ್ನು ಬಿಟ್ಟು ಮುಂದೆ ಹೋದರೆ ಓದಿದವರು ಬಯ್ಯುತ್ತಾರೆ. 1986ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಬಳಿಯ ಐಬಿಎಂ ಪ್ರಯೋಗಾಲಯದಲ್ಲಿ ಬೆಡ್ನೋರ್ಜ್ ಮತ್ತು ಮ್ಯೂಲರ್, ಲ್ಯಾಂಥನಮ್-ತಾಮ್ರದ ಆಕ್ಸೈಡಿಗೆ ಬೇರಿಯಮ್ ಬೆರೆಸಿದರು. ಬೆರೆಸದ ಆಕ್ಸೈಡ್ ಅವಾಹಕ. ಬೆರೆಸಿದ್ದು ಸುಮಾರು ಮೈನಸ್ 243 ಡಿಗ್ರಿ ಸೆಲ್ಸಿಯಸ್ ಅಥವಾ 30 ಕೆಲ್ವಿನ್‌ನಲ್ಲಿ ಅತಿವಾಹಕವಾಯಿತು, ಅಂದರೆ ವಿದ್ಯುತ್ ರೋಧ ಸೊನ್ನೆ. ಮರುವರ್ಷವೇ ಇಬ್ಬರಿಗೂ ನೊಬೆಲ್ ಬಂತು. 1987ರಲ್ಲಿ ಇಟ್ರಿಯಮ್ ಇರುವ ಇನ್ನೊಂದು ತಾಮ್ರದ ಆಕ್ಸೈಡ್ 90 ಕೆಲ್ವಿನ್ ದಾಟಿತು. ಅದರಲ್ಲಿ ಬೆರಕೆ ಬೇರೇನೂ ಅಲ್ಲ, ಹೆಚ್ಚುವರಿ ಆಮ್ಲಜನಕ. ಆಮ್ಲಜನಕ ಕಡಿಮೆ ಇದ್ದರೆ ಅವಾಹಕ, ತುಂಬಿಸಿದರೆ ಅತಿವಾಹಕ. ಇಲ್ಲೂ ಹೋಲ್ ಹೋಗಿ ಕೂರುವುದು ಮುಖ್ಯವಾಗಿ ಆಮ್ಲಜನಕದ ಪಿ ಕಕ್ಷಕದಲ್ಲಿ. ಹಾಗೆ ಕೂತು ಪಕ್ಕದ ತಾಮ್ರದ ಒಂಟಿ ಸ್ಪಿನ್ ಜೊತೆ ಜೋಡಿ ಕಟ್ಟಿಕೊಳ್ಳುತ್ತದೆ ಅಂತ ಝಾಂಗ್ ಮತ್ತು ರೈಸ್ 1988ರಲ್ಲಿ ಹೇಳಿದರು. ಹಳೆಯ ಅತಿವಾಹಕಗಳಿಗೆ ಹೋಲಿಸಿದರೆ ಅಷ್ಟು ಬಿಸಿಯಲ್ಲೂ ಅತಿವಾಹಕತೆ ಯಾಕೆ ಉಳಿಯುತ್ತದೆ ಅನ್ನುವ ವಾದ ಮಾತ್ರ ಇನ್ನೂ ಮುಗಿದಿಲ್ಲ.

ಮತ್ತೆ ಶೋರೂಮಿಗೆ

ಈಗ ಬ್ಯಾಟರಿಗೆ ಬರೋಣ. 1980ರಲ್ಲಿ ಆಕ್ಸ್‌ಫರ್ಡ್‌ನಲ್ಲಿದ್ದ ಜಾನ್ ಗುಡ್‌ಎನಫ್ ಅವರ ತಂಡ ಲೀಥಿಯಮ್ ಕೋಬಾಲ್ಟ್ ಆಕ್ಸೈಡನ್ನು ಬ್ಯಾಟರಿಯ ಧನ ಧ್ರುವಕ್ಕೆ ಬಳಸಬಹುದು ಅಂತ ತೋರಿಸಿತು. 1991ರಲ್ಲಿ ಸೋನಿ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. ನಿಮ್ಮ ಕೈಯಲ್ಲಿರುವ ಫೋನಿನಲ್ಲೂ ಬಹುಪಾಲು ಇದೇ ವಸ್ತು ಇದೆ. 2019ರಲ್ಲಿ ಗುಡ್‌ಎನಫ್‌ಗೆ ನೊಬೆಲ್ ಬಂದಾಗ ವಯಸ್ಸು 97.

ಅದಕ್ಕೂ ಮುಂಚೆ ಬಂದ, ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಲೀಥಿಯಮ್ ಬ್ಯಾಟರಿಗಳಲ್ಲಿ ಆಮ್ಲಜನಕದ ಬದಲು ಗಂಧಕ ಇತ್ತು. ಗಂಧಕದ ಎಲೆಕ್ಟ್ರಾನುಗಳು ಮೇಲಿನ ಮಟ್ಟದಲ್ಲಿ, ಸಡಿಲವಾಗಿರುತ್ತವೆ. ಲೋಹದಿಂದ ಆಳದ ಎಲೆಕ್ಟ್ರಾನ್ ತೆಗೆಯಲು ಹೋದರೆ ಗಂಧಕ ‘ನನ್ನದು ತಗೋ’ ಅಂತ ಮುಂದೆ ಬರುತ್ತದೆ, ವೋಲ್ಟೇಜ್ ಅಲ್ಲಿಗೇ ನಿಲ್ಲುತ್ತದೆ. ಆಮ್ಲಜನಕದ ಎಲೆಕ್ಟ್ರಾನುಗಳು ಅದಕ್ಕಿಂತ ಆಳದಲ್ಲಿವೆ. ಹಾಗಾಗಿ ಆಕ್ಸೈಡ್ ಬಳಸಿದರೆ ಹೆಚ್ಚು ವೋಲ್ಟೇಜ್ ಸಿಗುತ್ತದೆ ಅನ್ನುವುದು ಗುಡ್‌ಎನಫ್ ಲೆಕ್ಕ. ಸುಮಾರು 4 ವೋಲ್ಟ್ ಸಿಕ್ಕಿತು.

ಚಾರ್ಜ್ ಮಾಡುವಾಗ ಆಗುವುದು ಇಷ್ಟು. ಲೀಥಿಯಮ್ ಅಯಾನು (ಎಲೆಕ್ಟ್ರಾನ್ ಕಳೆದುಕೊಂಡ ಲೀಥಿಯಮ್) ಆಕ್ಸೈಡಿನ ಪದರಗಳ ನಡುವಿನಿಂದ ಹೊರಬಂದು ಆಚೆಯ ಧ್ರುವಕ್ಕೆ ಹೋಗುತ್ತದೆ. ಅದರ ಲೆಕ್ಕದ ಎಲೆಕ್ಟ್ರಾನ್ ತಂತಿಯ ದಾರಿಯಲ್ಲಿ ಹೋಗುತ್ತದೆ. ಆಕ್ಸೈಡಿನಲ್ಲಿ ಹೋಲ್ ಉಳಿಯುತ್ತದೆ. ನಿಕಲ್ ಆಕ್ಸೈಡಿನಲ್ಲಿ ಲೀಥಿಯಮ್ ಹಾಕಿ ಹೋಲ್ ಮಾಡಿದೆವು. ಇಲ್ಲಿ ಲೀಥಿಯಮ್ ತೆಗೆದು ಮಾಡುತ್ತಿದ್ದೇವೆ. ಎರಡೂ ಡೋಪಿಂಗೇ. ಪೂರ್ತಿ ಲೀಥಿಯಮ್ ತುಂಬಿರುವ ಕೋಬಾಲ್ಟ್ ಆಕ್ಸೈಡ್ ಅವಾಹಕ. ಕಾಲು ಭಾಗ ಲೀಥಿಯಮ್ ಹೊರಬರುವ ಹೊತ್ತಿಗೆ ಅದು ಲೋಹದಂತೆ ಕರೆಂಟ್ ಹರಿಸುತ್ತದೆ. ರಾತ್ರಿ ಫೋನ್ ಚಾರ್ಜಿಗೆ ಹಾಕಿ ಮಲಗಿದಾಗಲೆಲ್ಲ ಪಕ್ಕದ ಟೇಬಲ್ಲಿನ ಮೇಲೆ ಒಂದು ಅವಾಹಕ ಲೋಹವಾಗುತ್ತಿರುತ್ತದೆ.

ತೊಂದರೆ ಬರುವುದು ಕೊನೆಯಲ್ಲಿ. ಮೊದಮೊದಲು ಜಂಟಿ ಖಾತೆಯಿಂದ ಲೋಹವೂ ಆಮ್ಲಜನಕವೂ ಸೇರಿ ಕೊಡುತ್ತವೆ. ಅರ್ಧಕ್ಕಿಂತ ಹೆಚ್ಚು ಲೀಥಿಯಮ್ ತೆಗೆಯಲು ಹೋದರೆ ಆಮ್ಲಜನಕದ ಪಾಲು ಹೆಚ್ಚುತ್ತದೆ. ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕಕ್ಕೆ ಆ ಹರಳಿನಲ್ಲಿ ಉಳಿಯುವ ಮನಸ್ಸಿರುವುದಿಲ್ಲ. ಅಂಥ ಎರಡು ಸೇರಿಕೊಂಡು ಅನಿಲವಾಗಿ ಹೊರಟುಬಿಡುತ್ತವೆ. ಅದಕ್ಕೇ ಹಳೆಯ ಫೋನುಗಳಲ್ಲಿ ಸುಮಾರು ಅರ್ಧ ಲೀಥಿಯಮ್ ಮಾತ್ರ ಬಳಕೆಯಾಗುತ್ತಿತ್ತು. ಈಗಿನವುಗಳಲ್ಲಿ ಇನ್ನೂ ಸ್ವಲ್ಪ ಹೆಚ್ಚು ತೆಗೆಯುತ್ತಾರೆ. ಆಕ್ಸೈಡ್ ಅಲ್ಲಾಡದಿರಲಿ ಅಂತ ಅಲ್ಯುಮಿನಿಯಮ್, ಮೆಗ್ನೀಸಿಯಮ್‌ನಂಥವನ್ನು ಚೂರು ಬೆರೆಸಿರುತ್ತಾರೆ. ಇದೂ ಡೋಪಿಂಗೇ, ಉದ್ದೇಶ ಬೇರೆ.

ಎನ್‌ಎಂಸಿಯಲ್ಲೂ ಇದೇ ಕಥೆ. ಚಾರ್ಜ್ ಆಗುವಾಗ ಮುಖ್ಯವಾಗಿ ದುಡಿಯುವುದು ನಿಕಲ್, ಅದರ ಜೊತೆ ಜಂಟಿ ಖಾತೆಯಲ್ಲಿ ಆಮ್ಲಜನಕ. ನಿಕಲ್ ಹೆಚ್ಚಿಸಿದರೆ ಒಂದೇ ತೂಕದಲ್ಲಿ ಹೆಚ್ಚು ಚಾರ್ಜ್ ಹಿಡಿಸುತ್ತದೆ. 811 ಎನ್ನುವ ಬಗೆಯಲ್ಲಿ ಲೋಹದ ಹತ್ತು ಪಾಲಿನಲ್ಲಿ ಎಂಟು ನಿಕಲ್. ಆದರೆ ನಿಕಲ್ ಹೆಚ್ಚಾದಷ್ಟೂ, ತುಂಬಿದ ಬ್ಯಾಟರಿ ಕಾದಾಗ ಆಮ್ಲಜನಕ ಬೇಗ ಬಿಟ್ಟುಕೊಡುತ್ತದೆ. ಬ್ಯಾಟರಿಯೊಳಗಿನ ದ್ರವ ಸುಲಭವಾಗಿ ಹೊತ್ತಿಕೊಳ್ಳುವಂಥದ್ದು. ಬೆಂಕಿಗೆ ಬೇಕಾದ ಆಮ್ಲಜನಕ ಒಳಗೇ ತಯಾರಾದರೆ, ಮೇಲೆ ಮರಳು ಸುರಿದು ಗಾಳಿ ತಪ್ಪಿಸಿದರೂ ಉರಿ ಆರುವುದಿಲ್ಲ. ಶಾರ್ಟ್ ಸರ್ಕ್ಯೂಟ್, ಕಳಪೆ ಜೋಡಣೆ, ಹದಗೆಟ್ಟ ಚಾರ್ಜರ್ ಇವು ಕಿಡಿ ಹಚ್ಚುತ್ತವೆ. ಆಮ್ಲಜನಕ ಅದಕ್ಕೆ ಗಾಳಿ ಹಾಕುತ್ತದೆ.

ಎಲ್‌ಎಫ್‌ಪಿ ಅಂದರೆ ಲೀಥಿಯಮ್ ಕಬ್ಬಿಣ ಫಾಸ್ಫೇಟ್. ಅಮೆರಿಕದ ಟೆಕ್ಸಾಸ್‌ನಲ್ಲಿ ಗುಡ್‌ಎನಫ್ ಜೊತೆ ಕೆಲಸ ಮಾಡಿ 1997ರಲ್ಲಿ ಇದರ ಬಗ್ಗೆ ಮೊದಲ ಲೇಖನ ಬರೆದವರು ಎ.ಕೆ. ಪಾಧಿ ಮತ್ತು ಕೆ.ಎಸ್. ನಂಜುಂಡಸ್ವಾಮಿ. ಹೆಸರುಗಳನ್ನು ಇನ್ನೊಮ್ಮೆ ಓದಿಕೊಳ್ಳಿ, ಪರವಾಗಿಲ್ಲ. ಇದರಲ್ಲಿ ಆಮ್ಲಜನಕಗಳು ರಂಜಕದ ಜೊತೆ ಗಟ್ಟಿಯಾಗಿ ಕಟ್ಟಿಕೊಂಡಿವೆ. ಅವುಗಳ ಎಲೆಕ್ಟ್ರಾನುಗಳು ಆಳಕ್ಕೆ ಇಳಿದಿವೆ. ಚಾರ್ಜ್ ಮಾಡುವಾಗ ಕೊಡುವುದು ಕಬ್ಬಿಣವೇ, ಆಮ್ಲಜನಕದ ತಂಟೆಗೆ ಹೋಗಬೇಕಿಲ್ಲ. ಪೂರ್ತಿ ಲೀಥಿಯಮ್ ತೆಗೆದರೂ ಹರಳು ನಿಲ್ಲುತ್ತದೆ. ಶೋರೂಮಿನವರ ‘ಸೇಫ್’ ಅನ್ನುವ ಮಾತಿನ ಹಿಂದೆ ಇರುವುದು ಇದು.

ಇದಕ್ಕೂ ಬೆಲೆ ಇದೆ. ವೋಲ್ಟೇಜ್ ಸುಮಾರು 3.4ಕ್ಕೆ ಇಳಿಯುತ್ತದೆ. ಅಷ್ಟೇ ದೂರ ಓಡಲು ಹೆಚ್ಚು ಭಾರದ ಬ್ಯಾಟರಿ ಬೇಕು. ಫಾಸ್ಫೇಟ್ ತೀರಾ ಕಳಪೆ ವಾಹಕ, ಹಾಗಾಗಿ ಅದರ ಕಣಗಳಿಗೆ ಇಂಗಾಲದ ಲೇಪ ಹಚ್ಚಬೇಕು. ಒಳಗಿನ ದ್ರವ ಇದರಲ್ಲೂ ಹೊತ್ತಿಕೊಳ್ಳುವಂಥದ್ದೇ. ಆದ್ದರಿಂದ ಎಲ್‌ಎಫ್‌ಪಿಗೆ ಬೆಂಕಿಯೇ ಬೀಳದು ಅಂದರೆ ನಂಬಬೇಡಿ. ಬೀಳುವುದು ಕಷ್ಟ, ಬಿದ್ದರೂ ಹಬ್ಬುವುದು ನಿಧಾನ.

ಈಗಿನ ಎಷ್ಟೋ ಫೋನುಗಳಲ್ಲಿ ಚಾರ್ಜಿಂಗನ್ನು 80 ಶೇಕಡಕ್ಕೆ ನಿಲ್ಲಿಸುವ ಸೆಟ್ಟಿಂಗ್ ಇರುತ್ತದೆ. ಎನ್‌ಎಂಸಿ ಬ್ಯಾಟರಿಯ ಕಾರುಗಳ ಕೈಪಿಡಿಯಲ್ಲೂ ದಿನಬಳಕೆಗೆ ಇಂಥದ್ದೇ ಸಲಹೆ ಕಾಣುತ್ತೀರಿ. ಬ್ಯಾಟರಿ ಬೇಗ ಹಳೆಯದಾಗದಿರಲಿ ಅಂತ. ಹಳೆಯದಾಗಲು ಕಾರಣ ಹಲವು ಇವೆ. ಅವುಗಳಲ್ಲಿ ಒಂದು, ಆ ಕೊನೆಯ 20 ಶೇಕಡ ಎಲೆಕ್ಟ್ರಾನುಗಳಲ್ಲಿ ಆಮ್ಲಜನಕದ ಪಾಲು ಜಾಸ್ತಿ.